ನೆತ್ತರ ಹಾದಿಯ ಕಿರುಶಾಸನಗಳು

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕ ಚಕ್ರವರ್ತಿಯ ಮೂರು ಶಾಸನಗಳಿವೆ: ಬ್ರಹ್ಮಗಿರಿಯಲ್ಲಿ ಒಂದು, ಸಿದ್ದಾಪುರದಲ್ಲಿ ಒಂದು, ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಒಂದು. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಕಂಡು ವಿದ್ವತ್ ಪ್ರಪಂಚಕ್ಕೆ ತಿಳಿಸಿದರು. ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಅವು ಅಲ್ಲಿಯೇ ಇದ್ದವು. ಬ್ರಹ್ಮಗಿರಿಯ ಬಂಡೆಯನ್ನು ಊರಿನವರು ಅಕ್ಷರಗುಂಡು ಎಂದೇ ಕರೆಯುತ್ತಿದ್ದರು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಜಾತ್ರೆಯ ದಿನಗಳಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದುದರಿಂದ ಅಕ್ಷರಗಳು ಬಹಳ ಮಟ್ಟಿಗೆ ಸವೆದುಹೋಗಿವೆ. ಬರೆಹವಿದೆಯೆಂಬುದು ಜನಕ್ಕೆ ಗೊತ್ತಿದ್ದಿತು. ಏನು ಬರೆದಿದೆಯೆಂಬುದು ಗೊತ್ತಿರಲಿಲ್ಲ. ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಬ್ರಾಹ್ಮೀ ಲಿಪಿಯನ್ನು ಬಿಡಿಸಿ ಓದಿರದಿದ್ದರೆ ರೈಸ್ ಅವರ ಪಾಲಿಗೂ ಅದು ಬರಿಯ ಅಕ್ಷರಗುಂಡಾಗಿಯೇ ಉಳಿಯುತ್ತಿದ್ದಿತು.

ಶಾಸನದ ಒಕ್ಕಣೆ ಕುತೂಹಲಕರವಾದುದು. ಸುವರ್ಣಗಿರಿಯಿಂದ ಆರ್ಯಪುತ್ರನೂ ಅಲ್ಲಿನ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಮಾತು ಕಳುಹಿಸುತ್ತಾರೆ. ಮೊದಲು ಅವರ ಆರೋಗ್ಯವನ್ನು ವಿಚಾರಿಸಬೇಕು. ಆಮೇಲೆ ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸಬೇಕು. ಕನ್ನಡ ನಾಡಿನ ಅತ್ಯಂತ ಹಳೆಯ ಬರೆಹಗಳಲ್ಲಿ ಒಂದು ಕ್ಷೇಮ ಸಮಾಚಾರದಿಂದ ತೊಡಗುತ್ತದೆಂಬುದು ನನಗೆ ಯಾವಾಗಲೂ ಹಿತವಾಗಿ ತೋರಿದೆ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೊರೆದಿದ್ದಾನೆ. ವಿದ್ವಾಂಸರು ಇವನ್ನು ಲಘು ಶಾಸನಗಳ ಗುಂಪಿಗೆ ಸೇರಿಸುತ್ತಾರೆ. ಅಳತೆಯಲ್ಲಿ ಲಘುವೆಂಬುದು ನಿಜ. ಆದರೆ ದೊರೆಯ ಇಚ್ಛೆ ಇಸಿಲದ ಪ್ರಜೆಯನ್ನು ಮುಟ್ಟಬೇಕಾದರೆ ಎಷ್ಟು ಕೈ ದಾಟಬೇಕಾಗಿದ್ದಿತೆಂಬುದನ್ನು ಈ ಕೆಲವು ಸಾಲುಗಳು ಹೇಳುವಷ್ಟು ಸ್ಪಷ್ಟವಾಗಿ ದೊಡ್ಡ ಶಾಸನಗಳೂ ಹೇಳುವುದಿಲ್ಲ.

ಈ ಲೇಖನ ಅಶೋಕನನ್ನು ಕುರಿತದ್ದಲ್ಲ. ಓದಲು ಬಾರದ್ದರಿಂದ ಬಹುಕಾಲ ಲೆಕ್ಕಕ್ಕೆ ಬಾರದೆ ಉಳಿದ ಇನ್ನೊಂದು ಕಿರುಬರೆಹ ನಮ್ಮ ಮೈಯಲ್ಲೇ ಇದೆ. ಅದು ರಕ್ತನಾಳದ ಗೋಡೆಯ ಜೀವಕೋಶಗಳಲ್ಲಿ ಏನು ಮಾಡುತ್ತಿದೆಯೆಂಬುದು ಕಳೆದ ಇಪ್ಪತ್ತು ವರ್ಷಗಳಲ್ಲಿ ತಿಳಿದುಬಂದಿದೆ. ಅದರ ಚರಿತ್ರೆಯನ್ನು ಹೇಳಬೇಕೆಂದಿದ್ದೇನೆ. ಕನ್ನಡದ ಮೇಷ್ಟರಿಗೆ ಇದರ ಗೊಡವೆ ಏಕೆಂದು ಕೇಳುವವರಿಗೆ ಒಂದೇ ಉತ್ತರ: ಈ ಕಥೆಯ ಆರಂಭದಲ್ಲಿ ಒಂದು ಮಾತಿನ ತೊಡಕಿದೆ.

ನಮ್ಮ ಜನ ರಕ್ತನಾಳಕ್ಕೂ ನರ ಎನ್ನುತ್ತಾರೆ, ಸ್ನಾಯುರಜ್ಜುವಿಗೂ ನರ ಎನ್ನುತ್ತಾರೆ, ಮಿದುಳಿನಿಂದ ಬರುವ ತಂತುವಿಗೂ ನರವೇ. ಸೂಜಿ ಹಿಡಿದ ದಾದಿ "ನರ ಸಿಗುತ್ತಿಲ್ಲ" ಎಂದರೆ ಅಭಿಧಮನಿ ಸಿಗಲಿಲ್ಲವೆಂದು ಅರ್ಥ. ಓದಿದವರು ರಕ್ತನಾಳ ಎಂದೆವು. ನಾಳವೆಂದೊಡನೆ ಮನಸ್ಸಿಗೆ ಬರುವುದು ಕೊಳವೆ, ಪೈಪು. ಪೈಪಿನೊಳಗೆ ಕೊಳೆ ಕಟ್ಟುತ್ತದೆ, ಕೊಳೆಯನ್ನು ತೊಳೆದರೆ ನೀರು ಹರಿಯುತ್ತದೆ. ಈ ಚಿತ್ರವನ್ನೇ ನಂಬಿಕೊಂಡು ಎಷ್ಟೋ ಮಂದಿ ಆಸ್ಪತ್ರೆಯ ಮಾತ್ರೆಯನ್ನು ಬಿಟ್ಟು 'ಬ್ಲಾಕ್ ಕರಗಿಸುವ' ಕಷಾಯಗಳಿಗೆ ದುಡ್ಡು ಸುರಿಯುತ್ತಾರೆ. ಪಕ್ಕದ ಚಳ್ಳಕೆರೆ ಕಡಲೆಕಾಯಿ ಎಣ್ಣೆಗೆ ಹೆಸರಾದ ಊರು. ಎಣ್ಣೆಯ ವ್ಯಾಪಾರದಲ್ಲಿ ಮುಂಬಯಿ ಬಿಟ್ಟರೆ ಇದೇ ಎಂಬ ಮಾತು ಒಂದು ಕಾಲಕ್ಕೆ ರೂಢಿಯಲ್ಲಿದ್ದಿತು. ಅಂಥ ಊರಿನಲ್ಲಿ "ಎಣ್ಣೆ ತಿಂದು ನರ ಕಟ್ಟಿತು" ಎಂಬ ವಿವರಣೆ ಸುಲಭವಾಗಿ ನಾಟುತ್ತದೆ. ಆದರೆ ಧಮನಿಯ ರೋಗ ಪೈಪಿನೊಳಗಿನ ಕೊಳೆಯಲ್ಲ. ಕೊಬ್ಬಿನ ಗಂಟು ಬೆಳೆಯುವುದು ಒಳಪದರದ ಕೆಳಗೆ, ಗೋಡೆಯ ಮೈಯೊಳಗೆ. ಅದನ್ನು ಹರಿಯುವ ಯಾವ ದ್ರವವೂ ತೊಳೆದುಕೊಂಡು ಹೋಗಲಾರದು.

ಈ ತಪ್ಪುಚಿತ್ರ ನಮ್ಮದು ಮಾತ್ರವೆಂದು ನಾಚಬೇಕಾಗಿಲ್ಲ. ವೈದ್ಯಶಾಸ್ತ್ರವೂ ಬಹುಕಾಲ ಹೀಗೆಯೇ ಎಣಿಸಿತ್ತು. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ಸುತ್ತಿ ಸುತ್ತಿ ಬರುತ್ತದೆಂದು ತೋರಿಸಿದ. 1661ರಲ್ಲಿ ಮಾಲ್ಪೀಗಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶವನ್ನು ನೋಡಿ, ಹಾರ್ವೆಗೆ ಕಾಣದೆ ಹೋದ ಲೋಮನಾಳಗಳನ್ನು ಕಂಡ. ಹೃದಯವೆಂಬುದು ಪಂಪು, ನಾಳಗಳು ಕೊಳವೆಗಳು ಎಂಬ ಲೆಕ್ಕ ಅಲ್ಲಿಗೆ ಪೂರ್ಣವಾಯಿತು. ನಾಳದ ಒಳಮೈಗೆ ಒಂದೇ ಕೋಶದಷ್ಟು ದಪ್ಪದ ಹೊದಿಕೆಯಿದೆ. 1865ರಲ್ಲಿ ವಿಲ್ಹೆಲ್ಮ್ ಹಿಸ್ ಅದಕ್ಕೆ ಎಂಡೋಥೀಲಿಯಂ ಎಂದು ಹೆಸರಿಟ್ಟ. ಹೆಸರು ಬಂದಿತೇ ಹೊರತು ಗೌರವ ಬರಲಿಲ್ಲ. ಪಾತ್ರೆಗೆ ಹಾಕಿದ ಕಲಾಯಿಯಂತೆ ಅದೊಂದು ಲೇಪವೆಂದೇ ತಿಳಿದರು. ಜರ್ಮನಿಯ ವಿರ್ಕೋ ಮಾತ್ರ 1850ರ ದಶಕದಲ್ಲಿಯೇ ಧಮನಿಯ ಈ ರೋಗದಲ್ಲಿ ಉರಿಯೂತದ ಲಕ್ಷಣವಿದೆ ಎಂದಿದ್ದ. ಆ ಮಾತಿಗೆ ಬೆಲೆ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಿಕೊಲಾಯ್ ಅನಿಚ್ಕಾವ್ ಮತ್ತು ಅವನ ಜೊತೆಗಾರ ಚಲಟಾವ್ ಮೊಲಗಳಿಗೆ ಕೊಲೆಸ್ಟರಾಲನ್ನು ತಿನ್ನಿಸಿ ಅವುಗಳ ಧಮನಿಗಳಲ್ಲಿ ಮನುಷ್ಯನ ರೋಗವನ್ನು ಹೋಲುವ ಗಂಟುಗಳನ್ನು ಉಂಟುಮಾಡಿದರು. ಚಳ್ಳಕೆರೆಯವರಿಗೆ ರುಚಿಸಬಹುದಾದ ವಿವರವೊಂದು ಇದರಲ್ಲಿದೆ. ಕೊಲೆಸ್ಟರಾಲನ್ನು ಅವರು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಕೊಟ್ಟರು. ಹೋಲಿಕೆಗಾಗಿ ಬರಿಯ ಎಣ್ಣೆ ತಿಂದ ಮೊಲಗಳಿಗೆ ರೋಗ ಬರಲಿಲ್ಲ. ಗಿಡದ ಎಣ್ಣೆಯಲ್ಲಿ, ಕಡಲೆಕಾಯಿಯದೂ ಸೇರಿ, ಲೆಕ್ಕಕ್ಕೆ ಹಿಡಿಯುವಷ್ಟು ಕೊಲೆಸ್ಟರಾಲ್ ಇಲ್ಲವೇ ಇಲ್ಲ. ಹಾಗೆಂದು ಎಣ್ಣೆಯನ್ನು ಮನಸ್ಸು ಬಂದಂತೆ ಸುರಿದುಕೊಳ್ಳಬಹುದೆಂದಲ್ಲ. ದೋಷವನ್ನು ಒಂದೇ ಡಬ್ಬಿಯ ಮೇಲೆ ಹೊರಿಸಲಾಗದೆಂದಷ್ಟೆ ಹೇಳುತ್ತಿದ್ದೇನೆ.

ಒಳಪದರಕ್ಕೆ ಜೀವವಿದೆ, ಅಧಿಕಾರವೂ ಇದೆ ಎಂಬುದು ಗೊತ್ತಾದ ಸಂಗತಿ ಬಲು ಸೊಗಸಾದುದು. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಮೊಲದ ಮಹಾಧಮನಿಯ ಪಟ್ಟಿಗಳನ್ನು ಕತ್ತರಿಸಿಕೊಂಡು, ಔಷಧಗಳಿಗೆ ಅವು ಹೇಗೆ ಹಿಗ್ಗುತ್ತವೆ, ಹೇಗೆ ಕುಗ್ಗುತ್ತವೆ ಎಂದು ಅಳೆಯುತ್ತಿದ್ದರು. ಅಸಿಟೈಲ್‌ಕೋಲೀನ್ ಎಂಬ ವಸ್ತು ಅವರನ್ನು ವರ್ಷಾನುಗಟ್ಟಲೆ ಪೀಡಿಸಿತು. ಜೀವಂತ ಪ್ರಾಣಿಗೆ ಕೊಟ್ಟರೆ ಅದರಿಂದ ನಾಳ ಹಿಗ್ಗುತ್ತದೆ. ಕತ್ತರಿಸಿದ ಪಟ್ಟಿಯ ಮೇಲೆ ಹಾಕಿದರೆ ಪಟ್ಟಿ ಕುಗ್ಗುತ್ತದೆ! 1978ರಲ್ಲಿ ಒಂದು ದಿನ ಅವರ ಪ್ರಯೋಗಶಾಲೆಯ ಸಹಾಯಕರು ಹೇಳಿದ ಕ್ರಮವನ್ನು ತಪ್ಪಿ ನಡೆಸಿದ ಪ್ರಯೋಗದಲ್ಲಿ ಪಟ್ಟಿ ಹಿಗ್ಗಿತು. ಹುಡುಕಿದಾಗ ತಿಳಿದದ್ದು ಇಷ್ಟು: ಅದುವರೆಗೆ ಪಟ್ಟಿಯನ್ನು ಸಿದ್ಧಪಡಿಸುವಾಗ ಅದರ ಒಳಮೈಯನ್ನು ಅರಿವಿಲ್ಲದೆ ಉಜ್ಜಿಬಿಡುತ್ತಿದ್ದರು, ಕಲಾಯಿಯೆಂದು ತಿಳಿದದ್ದು ಉದುರಿಹೋಗುತ್ತಿದ್ದಿತು. ಉಜ್ಜದೆ ಬಿಟ್ಟ ಪಟ್ಟಿ ಹಿಗ್ಗಿತು. ಉಜ್ಜಿದ ಪಟ್ಟಿಯೊಂದಕ್ಕೆ ಉಜ್ಜದ ಪಟ್ಟಿಯೊಂದನ್ನು ಮುಖಕ್ಕೆ ಮುಖ ಒತ್ತಿ ಇಟ್ಟರೆ ಉಜ್ಜಿದ್ದೂ ಹಿಗ್ಗಿತು. ಎಂದರೆ ಒಳಪದರದಿಂದ ಏನೋ ಒಂದು ಸಂದೇಶ ಹೊರಟು ಕೆಳಗಿನ ಸ್ನಾಯುವನ್ನು ಮುಟ್ಟುತ್ತಿದೆ. 1980ರಲ್ಲಿ ಫರ್ಚ್‌ಗಾಟ್ ಮತ್ತು ಜವಾಡ್ಜ್‌ಕಿ ಇದನ್ನು ಪ್ರಕಟಿಸಿದರು. ಆ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ಸಿದ್ಧವಾಗಿ, 1998ರ ನೊಬೆಲ್ ಬಹುಮಾನದಲ್ಲಿ ಫರ್ಚ್‌ಗಾಟ್ ಅವರಿಗೂ ಪಾಲು ಬಂದಿತು.

ಸಂಸ್ಕೃತದಲ್ಲಿ ನಾಳವೆಂದರೆ ಮೊದಲಿಗೆ ತಾವರೆಯ ದಂಟು. ಒಳಗೆ ಟೊಳ್ಳು, ಆದರೆ ಜೀವವುಳ್ಳದ್ದು. ನೀರು ಏರಿದರೆ ತಾನೂ ಏರುತ್ತದೆ. ನಮ್ಮ ಪದ ಸರಿಯಾಗಿಯೇ ಇದೆ, ಅದಕ್ಕೆ ಪೈಪಿನ ಅರ್ಥ ಹಚ್ಚಿದ್ದು ನಾವು.

ಈಗ ಕಿರುಬರೆಹದ ಮಾತಿಗೆ ಬರೋಣ. ಪ್ರತಿ ಜೀವಕೋಶದಲ್ಲಿಯೂ ಡಿಎನ್‌ಎ ಎಂಬ ಮೂಲಕಡತವಿದೆ. ಅದರಿಂದ ಬೇಕಾದ ಪುಟವನ್ನು ಆರ್‌ಎನ್‌ಎ ಎಂಬ ಓಲೆಗೆ ನಕಲು ತೆಗೆಯುತ್ತಾರೆ. ಓಲೆಯನ್ನು ಓದಿ ಪ್ರೋಟೀನನ್ನು ಕಟ್ಟುತ್ತಾರೆ. ಇಷ್ಟು 1960ರ ದಶಕಕ್ಕೆ ಗೊತ್ತಾಗಿದ್ದಿತು. ಗೊತ್ತಾಗದೆ ಉಳಿದದ್ದೆಂದರೆ, ಮನುಷ್ಯನ ಮೂಲಕಡತದಲ್ಲಿ ಪ್ರೋಟೀನಿಗೆ ಒದಗುವ ಬರೆಹ ನೂರರಲ್ಲಿ ಎರಡು ಪಾಲೂ ಇಲ್ಲ, ಉಳಿದುದೆಲ್ಲ ಏತಕ್ಕೆ? 1972ರಲ್ಲಿ ಸುಸುಮು ಓಹ್ನೊ ಎಂಬ ವಿಜ್ಞಾನಿ ಬಳಸಿದ 'ಕಸ' ಎಂಬ ಅರ್ಥದ ಮಾತು ಬೇಗ ಜನಪ್ರಿಯವಾಯಿತು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು ನೋಡಿದ ಹೊರಗಿನವರು ಪಾಳುಭೂಮಿ ಎನ್ನುತ್ತಾರೆ. ಅದೇ ಕಾವಲಿನ ಹುಲ್ಲನ್ನು ತಿಂಗಳಿಗೊಂದು ಹೆಸರಿಟ್ಟು ಗುರುತಿಸುವಂತೆ ಬಲ್ಲವರು ಕುರಿಗಾರರು. ಕಡತದ 'ಕಸ'ವೆಲ್ಲ ಅರ್ಥಪೂರ್ಣವೆಂದು ಸಾಧಿಸಲು ಹೊರಟರೆ ಅದೂ ಅತಿಯಾದೀತು. ಆದರೆ ಅದರಲ್ಲಿ ಓದದೆ ಬಿಟ್ಟ ಸಾಲುಗಳಿದ್ದುವು.

ಓದಿದವರು ಇಬ್ಬರು ಅಮೆರಿಕನ್ನರು, ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್. ಅವರು ಅಭ್ಯಾಸ ಮಾಡುತ್ತಿದ್ದುದು ಒಂದು ಮಿಲಿಮೀಟರ್ ಉದ್ದದ ದುಂಡುಹುಳುವನ್ನು. ಈ ಹುಳುವಿನ ಒಂದು ಜಾತಿಯ ಮರಿಗಳು ಬೆಳೆಯದೆ ಬಾಲ್ಯದ ಹಂತವನ್ನೇ ಮತ್ತೆ ಮತ್ತೆ ಆಡುತ್ತಿದ್ದುವು. ಕೆಟ್ಟಿರುವ ಜೀನ್ ಯಾವುದೆಂದು ಆಂಬ್ರೋಸ್ ಅವರ ಸಂಗಡಿಗರಾದ ರೊಸಾಲಿಂಡ್ ಲೀ ಮತ್ತು ರಾಂಡಾ ಫೈನ್‌ಬಾಮ್ ವರ್ಷಗಟ್ಟಲೆ ಅರಸಿದರು. ಸಿಕ್ಕಿದ ಜೀನ್ ಯಾವ ಪ್ರೋಟೀನನ್ನೂ ಕಟ್ಟುತ್ತಿರಲಿಲ್ಲ. ಅದರಿಂದ ಹೊರಡುತ್ತಿದ್ದುದು 22 ಅಕ್ಷರಗಳ ಒಂದು ತುಣುಕು ಆರ್‌ಎನ್‌ಎ. ಅತ್ತ ರವ್‌ಕುನ್, ಈ ಜೀನಿನ ಅಂಕೆಯಲ್ಲಿರುವ ಇನ್ನೊಂದು ಜೀನಿನ ಓಲೆಯ ಕೊನೆಯ ಭಾಗವನ್ನು ಪರೀಕ್ಷಿಸುತ್ತಿದ್ದರು. 1992ರ ಜೂನ್ ತಿಂಗಳಿನಲ್ಲಿ ಇಬ್ಬರೂ ತಮ್ಮ ತಮ್ಮ ಅಕ್ಷರಗಳನ್ನು ಹಂಚಿಕೊಂಡರು. ಒಬ್ಬರ ತುಣುಕು ಮತ್ತೊಬ್ಬರ ಓಲೆಯ ಬಾಲಕ್ಕೆ, ಬೀಗಕ್ಕೆ ಕೀಲಿಯಂತೆ, ಹಲವು ಕಡೆ ಹೊಂದಿಕೊಂಡಿತು. ತುಣುಕು ಹೋಗಿ ಅಂಟಿಕೊಂಡರೆ ಓಲೆ ಓದಲ್ಪಡುವುದಿಲ್ಲ. ಆಜ್ಞೆ ಹೊರಟಿದೆ, ಆದರೆ ದಾರಿಯಲ್ಲೇ ತಡೆಯಲ್ಪಟ್ಟಿದೆ.

1993ರ ಡಿಸೆಂಬರಿನಲ್ಲಿ ಎರಡು ಲೇಖನಗಳೂ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದುವು. ಹೆಚ್ಚಿನವರು, ಹುಳುವಿನ ವಿಚಿತ್ರ ಇದು, ನಮಗೇಕೆ ಎಂದು ಪುಟ ತಿರುವಿದರು. 2000ದಲ್ಲಿ ರವ್‌ಕುನ್ ಅವರ ಗುಂಪಿಗೆ ಇಂಥ ಎರಡನೆಯ ತುಣುಕೊಂದು ಸಿಕ್ಕಿತು. ಅದು ನೊಣದಲ್ಲಿ, ಕಡಲ ಜೀವಿಗಳಲ್ಲಿ, ಮನುಷ್ಯನಲ್ಲಿ ಅಕ್ಷರ ತಪ್ಪದೆ ಹಾಗೆಯೇ ಇದ್ದಿತು. ಮರುವರ್ಷ ಇವಕ್ಕೆ ಮೈಕ್ರೋ ಆರ್‌ಎನ್‌ಎ ಎಂಬ ಹೆಸರಾಯಿತು. ಮನುಷ್ಯನಲ್ಲಿ ಇವು ನೂರಾರು ಬಗೆ. 2024ರ ವೈದ್ಯಶಾಸ್ತ್ರದ ನೊಬೆಲ್ ಬಹುಮಾನ ಇವರಿಬ್ಬರಿಗೆ ಬಂದಿತು. ಪ್ರಕಟಣೆಯಿಂದ ಬಹುಮಾನದವರೆಗೆ ಮೂವತ್ತೊಂದು ವರ್ಷ.

ಹುಳುವಿನಿಂದ ರಕ್ತನಾಳಕ್ಕೆ ಬರಲು ಹೆಚ್ಚು ತಡವಾಗಲಿಲ್ಲ. ಈ ತುಣುಕುಗಳನ್ನು ಕತ್ತರಿಸಿ ಅಣಿಗೊಳಿಸುವ ಡೈಸರ್ ಎಂಬ ಪ್ರೋಟೀನನ್ನು ಕೆಡಿಸಿದರೆ ಇಲಿಯ ಭ್ರೂಣದಲ್ಲಿ ರಕ್ತನಾಳಗಳು ಸರಿಯಾಗಿ ಮೂಡದೆ ಭ್ರೂಣ ಸಾಯುತ್ತದೆಂದು 2005ರಲ್ಲಿ ಕಂಡರು. ಯಾವ ತುಣುಕಿಲ್ಲದೆ ಹೀಗಾಯಿತು? 2008ರಲ್ಲಿ ಅಮೆರಿಕದ ಎರಡು ಗುಂಪುಗಳು, ಮತ್ತೆ ಒಂದೇ ಸಂಚಿಕೆಯಲ್ಲಿ, 126ನೆಯ ಸಂಖ್ಯೆಯ ಮೈಕ್ರೋ ಆರ್‌ಎನ್‌ಎಯನ್ನು ತೋರಿಸಿದವು. ಇದು ಹೇರಳವಾಗಿ ಸಿಗುವುದು ನಾಳದ ಒಳಪದರದ ಕೋಶಗಳಲ್ಲಿ. ಇದರ ನೆಲೆಯೂ ಗಮನಾರ್ಹ: ಇನ್ನೊಂದು ಜೀನಿನ ನಡುವೆ, ಓಲೆಯಿಂದ ಕತ್ತರಿಸಿ ಬಿಸುಡುವ ಭಾಗದಲ್ಲಿ ಇದು ಅಡಗಿದೆ. ಇದನ್ನು ತೆಗೆದುಹಾಕಿದ ಇಲಿಗಳಲ್ಲಿ ಹಲವು ಹುಟ್ಟುವ ಮೊದಲೋ ಹುಟ್ಟಿದ ಕೂಡಲೋ ಸತ್ತವು. ಅವುಗಳ ನಾಳಗಳು ಸೋರುತ್ತಿದ್ದುವು. ಹೊಸ ನಾಳ ಬೆಳೆಯಲೆಂದು ಬರುವ ಸಂದೇಶಕ್ಕೆ ಕೋಶದೊಳಗೆ ಸ್ವಾಭಾವಿಕವಾದ ಒಂದು ತಡೆಯಿದೆ. 126 ಆ ತಡೆಯನ್ನು ತಡೆಯುತ್ತದೆ. ಅದೇ ವರ್ಷ ಇನ್ನೊಂದು ಸಂಗತಿ ಹೊರಬಿದ್ದಿತು. ಬಿಳಿ ರಕ್ತಕಣಗಳು ಗೋಡೆಗೆ ಅಂಟಿಕೊಳ್ಳಲು ಬೇಕಾದ ಅಂಟುಪ್ರೋಟೀನನ್ನೂ 126 ಅಂಕೆಯಲ್ಲಿಡುತ್ತದೆ. ವಿರ್ಕೋ ಹೇಳಿದ ಉರಿಯೂತ ಮೊದಲಾಗುವುದು ಆ ಅಂಟಿಕೊಳ್ಳುವಿಕೆಯಿಂದ.

ಒಳಪದರದ ಕೆಳಗೆ ನಮ್ಮ ಇಚ್ಛೆಗೆ ಒಳಪಡದ ಸ್ನಾಯುಕೋಶಗಳ ಸುತ್ತಿದೆ. ಇವುಗಳದು ಎರಡು ಮುಖದ ಬಾಳು. ನೆಮ್ಮದಿಯಿದ್ದಾಗ ಹಿಗ್ಗಿ ಕುಗ್ಗಿ ನಾಳದ ಬಿಗಿಯನ್ನು ಕಾಯುತ್ತವೆ. ಗೋಡೆಗೆ ಪೆಟ್ಟು ಬಿದ್ದರೆ ಕಸುಬನ್ನು ಬಿಟ್ಟು ಸಂಖ್ಯೆಯಲ್ಲಿ ಬೆಳೆದು ಒಳದಾರಿಯ ಕಡೆ ವಲಸೆ ಹೊರಡುತ್ತವೆ. 143 ಮತ್ತು 145 ಎಂಬ ಜೋಡಿ ಮೈಕ್ರೋ ಆರ್‌ಎನ್‌ಎಗಳು ಇವನ್ನು ಕಸುಬಿನಲ್ಲಿ ನಿಲ್ಲಿಸುತ್ತವೆಂದು 2009ರಲ್ಲಿ ಹಲವರು ಕಂಡುಕೊಂಡರು; ಗಾಯಗೊಂಡ ಧಮನಿಯಲ್ಲಿ ಅವು ಇಳಿದುಹೋಗಿರುತ್ತವೆ. 1977ರಲ್ಲಿ ಜ್ಯೂರಿಕ್ಕಿನಲ್ಲಿ ಗ್ರುಂಟ್ಸಿಗ್ ಎಂಬ ವೈದ್ಯ ಬಲೂನಿನಿಂದ ಹೃದಯದ ಧಮನಿಯನ್ನು ಅಗಲಿಸಿದಂದಿನಿಂದಲೂ, ಅಗಲಿಸಿದ ನಾಳ ಕೆಲವೇ ತಿಂಗಳಲ್ಲಿ ಮತ್ತೆ ಕಿರಿದಾಗುವುದೇಕೆಂಬ ಪ್ರಶ್ನೆಯಿದ್ದಿತು. ಅದಕ್ಕೆ ಉತ್ತರದ ಒಂದು ಪಾಲು ಇದು. ಬಲೂನು ಪೈಪನ್ನೇನೋ ಅಗಲಿಸಿತು. ಗೋಡೆ ಜೀವಂತವಾದುದರಿಂದ ಪೆಟ್ಟಿಗೆ ಎದುರು ಮಾತಾಡಿತು.

ಇವುಗಳಲ್ಲಿ ನನಗೆ ಬಹಳ ಹಿಡಿಸಿದ್ದು 2012ರಲ್ಲಿ ಪ್ರಕಟವಾದ ಒಂದು ಪ್ರಯೋಗ. ವೇದಾವತಿಯಲ್ಲಿ ನೀರು ಬಂದ ವರ್ಷ ನಿಂತು ನೋಡಿದವರಿಗೆ ಗೊತ್ತು: ನೇರ ಹರಿವಿನಲ್ಲಿ ದಡ ಉಳಿಯುತ್ತದೆ, ತಿರುವಿನಲ್ಲಿ, ಕವಲಿನಲ್ಲಿ ಸುಳಿಯೆದ್ದು ಹೂಳೋ ಕೊರೆತವೋ ಆಗುತ್ತದೆ. ಕೊಬ್ಬಿನ ಗಂಟುಗಳೂ ಧಮನಿಯ ಕವಲುಗಳಲ್ಲಿಯೇ ಹೆಚ್ಚು. ಹೂಳು ತುಂಬಿದ್ದರಿಂದಲ್ಲ, ಹರಿವನ್ನು ಒಳಪದರದ ಕೋಶಗಳು ತಮ್ಮ ಮೈಮೇಲೆ ಅರಿತು ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದರಿಂದ. ಸಮವಾದ ಹರಿವು ಸಿಕ್ಕ ಕೋಶಗಳು 143, 145ರ ಜೋಡಿಯನ್ನು ತಯಾರಿಸಿ, ಸಣ್ಣ ಚೀಲಗಳಲ್ಲಿ ತುಂಬಿ, ಕೆಳಗಿನ ಸ್ನಾಯುಕೋಶಗಳಿಗೆ ಕಳುಹಿಸುತ್ತವೆ. ಅಂಥ ಚೀಲಗಳನ್ನು ಕೊಟ್ಟ ಇಲಿಗಳಲ್ಲಿ ಗಂಟುಗಳು ಕಡಿಮೆಯಾದುವು. ಒಂದು ಕೋಶ ಇನ್ನೊಂದಕ್ಕೆ ಲಿಖಿತದಲ್ಲಿ ಸಮಾಚಾರ ಕಳುಹಿಸುತ್ತಿದೆ! ಸುವರ್ಣಗಿರಿಯವರು ಇಸಿಲಕ್ಕೆ ಬರೆದದ್ದನ್ನು ಪಾಠ ಹೇಳುವಾಗಲೆಲ್ಲ ಈಗ ನನಗೆ ಇದು ನೆನಪಾಗುತ್ತದೆ.

ಚಿಕಿತ್ಸೆಯ ವಿಷಯದಲ್ಲಿ ಪತ್ರಿಕೆಗಳಲ್ಲಿ ಆಗಾಗ್ಗೆ ಬರುವ ಉತ್ಸಾಹವನ್ನು ನಾನು ಪೂರ್ತಿಯಾಗಿ ಹಂಚಿಕೊಳ್ಳಲಾರೆ. ಉತ್ತರ ಇಟಲಿಯ ಬ್ರುನೆಕ್ ಪಟ್ಟಣದ 822 ಮಂದಿಯ ರಕ್ತವನ್ನು ಪರೀಕ್ಷಿಸಿ, ಸಕ್ಕರೆ ಕಾಯಿಲೆಯವರಲ್ಲಿ 126ರ ಪ್ರಮಾಣ ಕಡಿಮೆಯಿದೆಯೆಂದು 2010ರಲ್ಲಿ ವರದಿ ಮಾಡಿದರು. ಸಕ್ಕರೆ ಕಾಯಿಲೆ ಮನೆಮನೆಯ ಮಾತಾಗಿರುವ ನಮ್ಮ ನಾಡಿಗೆ ಇದು ಮುಖ್ಯವಾದ ಸುಳಿವು. ಸುಳಿವು ಪರೀಕ್ಷೆಯಾಗಿ ಆಸ್ಪತ್ರೆಗೆ ಇನ್ನೂ ಬಂದಿಲ್ಲ. 33ನೆಯ ಸಂಖ್ಯೆಯದನ್ನು ತಡೆದಾಗ ಮಂಗಗಳಲ್ಲಿ ಒಳ್ಳೆಯ ಕೊಲೆಸ್ಟರಾಲ್ ಏರಿತೆಂದು 2011ರಲ್ಲಿ ಕಂಡರು. 92ಎ ಎಂಬುದನ್ನು ತಡೆಯುವ ಚುಚ್ಚುಮದ್ದನ್ನು ಆರೋಗ್ಯವಂತರ ಮೇಲೆ ಮೊದಲ ಬಾರಿಗೆ ಪರೀಕ್ಷಿಸಿದ ವರದಿ 2020ರದು. ತೊಡಕು ಇರುವುದು ಇಲ್ಲಿ: ಒಂದೊಂದು ತುಣುಕೂ ಹತ್ತಾರು, ನೂರಾರು ಓಲೆಗಳ ಮೇಲೆ ಕೈಯಿಡುತ್ತದೆ. ಒಂದನ್ನು ಸರಿಪಡಿಸಲು ಹೋಗಿ ಎಷ್ಟನ್ನು ಕೆಡಿಸುತ್ತೇವೆಂದು ಮೊದಲೇ ಹೇಳುವುದು ಕಷ್ಟ. ಮೈಕ್ರೋ ಆರ್‌ಎನ್‌ಎಯನ್ನು ಆಧರಿಸಿ ರಕ್ತನಾಳದ ರೋಗಕ್ಕೆಂದು ಮಂಜೂರಾದ ಮದ್ದು ಒಂದೂ ಇಲ್ಲ. ದಾಯಾದಿಯೊಂದು ಮಾತ್ರ ಬಂದಿದೆ. ಓಲೆಯನ್ನು ಅಳಿಸುವ ಇನ್ನೊಂದು ಬಗೆಯ ಕಿರು ಆರ್‌ಎನ್‌ಎಯಿಂದ ಮಾಡಿದ ಇನ್‌ಕ್ಲಿಸಿರಾನ್, ಕೆಟ್ಟ ಕೊಲೆಸ್ಟರಾಲನ್ನು ಇಳಿಸಲೆಂದು 2020ರಲ್ಲಿ ಯೂರೋಪಿನಲ್ಲಿ ಒಪ್ಪಿಗೆ ಪಡೆಯಿತು. ಆರಂಭದ ಎರಡು ಚುಚ್ಚುಮದ್ದುಗಳ ಬಳಿಕ ವರ್ಷಕ್ಕೆ ಎರಡೇ ಸಾಕು.

ಎದೆನೋವು ಬಂದ ಗಳಿಗೆಯಲ್ಲಿ ಮಾತ್ರ ಪೈಪಿನ ಲೆಕ್ಕವೇ ಸರಿ ಎಂಬುದನ್ನು ಮರೆಯಬಾರದು. ಗೋಡೆಯೊಳಗಿನ ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ದಾರಿ ಮುಚ್ಚಿರುತ್ತದೆ. ಹೀಗೆ ಒಡೆಯುವ ಗಂಟು ಅದಕ್ಕೆ ಮೊದಲು ದಾರಿಯನ್ನು ಹೆಚ್ಚು ಕಿರಿದು ಮಾಡಿರಲೇಬೇಕೆಂದೇನೂ ಇಲ್ಲ. ನಿನ್ನೆಯವರೆಗೆ ಹೊಲದಲ್ಲಿ ದುಡಿದವನು ಇಂದು ಕುಸಿಯುವುದು ಹೀಗೆ. ಆಗ ಹೆಪ್ಪನ್ನು ಕರಗಿಸಬೇಕು, ಇಲ್ಲವೇ ಸ್ಟೆಂಟ್ ಹಾಕಿ ದಾರಿ ಬಿಡಿಸಬೇಕು, ಅದೂ ಗಂಟೆಗಳ ಲೆಕ್ಕದಲ್ಲಿ. ಚಳ್ಳಕೆರೆಯಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್; ಮೊಳಕಾಲ್ಮೂರಿನಿಂದ ಇನ್ನೂ ದೂರ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರಿಂದ ಸಲಹೆ ಪಡೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡುವ ಏರ್ಪಾಟು ರಾಜ್ಯದಲ್ಲಿ 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯೆಂದು ಪ್ರಕಟವಾಯಿತು. ಕಷಾಯದವರು ಕರಗಿಸುತ್ತೇವೆನ್ನುವುದು ಬೇರೆ, ಇದು ಬೇರೆ. ಇಲ್ಲಿ ಕರಗುವುದು ಆಗತಾನೆ ಕಟ್ಟಿದ ನೆತ್ತರ ಹೆಪ್ಪು. ಗೋಡೆಯೊಳಗಿನ ಗಂಟು ಹಾಗೆಯೇ ಇರುತ್ತದೆ. ಆದುದರಿಂದಲೇ ಗುಣವಾಗಿ ಮನೆಗೆ ಬಂದವನಿಗೆ ಸ್ಟ್ಯಾಟಿನ್ ಮಾತ್ರೆಯನ್ನೂ ರಕ್ತದೊತ್ತಡದ ಮಾತ್ರೆಯನ್ನೂ ಬಿಡದೆ ನುಂಗಲು ಹೇಳುವುದು.

ಚಳ್ಳಕೆರೆಗೆ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ, ಸುಮಾರು 1500 ಎಕರೆ. ಅದೂ ಹಳೆಯ ಕಾವಲಿನ ನೆಲವೇ; ಆ ನೆಲದ ಹಂಚಿಕೆಯ ವಿಚಾರವಾಗಿ ದನ ಕುರಿ ಮೇಯಿಸುವ ಜನ ಎತ್ತಿದ ಪ್ರಶ್ನೆಗಳನ್ನು ಮರೆಯಲಾಗದು. ಅಲ್ಲಿ ಶಾಲಾ ಕಾಲೇಜುಗಳ ವಿಜ್ಞಾನದ ಉಪಾಧ್ಯಾಯರಿಗೆ ಕೈಯಾರೆ ಪ್ರಯೋಗ ಮಾಡಿಸಿ ತರಬೇತಿ ಕೊಡುತ್ತಾರೆ. ಹಾಗೆ ಹೋಗಿಬಂದ ಜೀವಶಾಸ್ತ್ರದ ಗೆಳೆಯರೊಬ್ಬರು ಮೈಕ್ರೋ ಆರ್‌ಎನ್‌ಎಗೆ ಕನ್ನಡದಲ್ಲಿ ಏನೆನ್ನಬೇಕೆಂದು ನನ್ನನ್ನು ಕೇಳಿದರು. ಆ ಹೆಸರು ಹಾಗೆಯೇ ಇರಲಿ, ಹುಡುಗರು ಅದನ್ನು ಹೇಗೂ ಕಲಿಯುತ್ತಾರೆ ಎಂದೆ. ಬದಲಾಗಿ, ರಕ್ತನಾಳದ ಪಾಠದ ದಿನ ಪೈಪಿನ ಚಿತ್ರ ಬರೆಯುವ ಮೊದಲು ತರಗತಿಗೆ ಒಂದು ತಾವರೆಯ ದಂಟನ್ನು ತೆಗೆದುಕೊಂಡು ಹೋಗಿ ಅಡ್ಡ ಕೊಯ್ದು ತೋರಿಸಿರೆಂದು ಕೇಳಿಕೊಂಡೆ. ಬಯಲುಸೀಮೆಯಲ್ಲಿ ತಾವರೆಗೆ ಎಲ್ಲಿಗೆ ಹೋಗಲಿ ಸ್ವಾಮಿ ಎಂದು ಅವರು ನಕ್ಕರು. ಹರಳುಗಿಡದ ಎಲೆಯ ತೊಟ್ಟಾದರೂ ಆಗಬಹುದು. ಅದೂ ಟೊಳ್ಳೇ, ಮತ್ತು ಅದು ಪ್ರತಿ ಬೇಲಿಯಲ್ಲಿಯೂ ಸಿಗುತ್ತದೆ.